ಗಂಟು ಕುತ್ತಿಗೆಯಲ್ಲಿ, ಮೂಲ ಎಲ್ಲಿ?

ಕುತ್ತಿಗೆಯ ಪಕ್ಕದಲ್ಲಿ, ದವಡೆಯ ಮೂಲೆಗೆ ತುಸು ಕೆಳಗೆ, ಒಂದು ಗಂಟು ಎದ್ದಿರುತ್ತದೆ. ನೋವಿಲ್ಲ, ಜ್ವರವಿಲ್ಲ, ನುಂಗಲು ತೊಂದರೆಯಿಲ್ಲ. ಗಡ್ಡ ಹೆರೆಯುವಾಗಲೋ ಸರ ಹಾಕಿಕೊಳ್ಳುವಾಗಲೋ ಕೈಗೆ ಸಿಕ್ಕಿದ್ದು. ಒಂದು ಸುತ್ತು ಆಂಟಿಬಯೋಟಿಕ್ ಮುಗಿದರೂ ಅದು ಕರಗುವುದಿಲ್ಲ. ಆಮೇಲೆ ಸಣ್ಣ ಸೂಜಿ ಹಾಕಿ ತೆಗೆದ ಜೀವಕೋಶಗಳ ವರದಿಯಲ್ಲಿ ‘ಮೆಟಾಸ್ಟಾಟಿಕ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮ’ ಎಂದು ಬರುತ್ತದೆ. ಗಂಟಿನಲ್ಲಿ ಕ್ಯಾನ್ಸರ್ ಇದೆ, ಬಾಯಿ-ಗಂಟಲಿನ ಒಳಪದರದಲ್ಲಿರುವಂಥ ಚಪ್ಪಟೆ (ಸ್ಕ್ವಾಮಸ್) ಕೋಶಗಳದ್ದು, ಆದರೆ ಅದು ಅಲ್ಲಿ ಹುಟ್ಟಿದ್ದಲ್ಲ, ಬೇರೆಲ್ಲೋ ಹುಟ್ಟಿ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಬಂದು ನೆಲೆಸಿದ್ದು ಎಂದು ಅದರ ಅರ್ಥ. ಬಾಯಿ ತೆರೆಸಿ ನೋಡಿದರೆ ಹುಣ್ಣಿಲ್ಲ. ಇಎನ್‌ಟಿ ವೈದ್ಯರು ಮೂಗಿನ ಮೂಲಕ ಸ್ಕೋಪ್ ಇಳಿಸಿ ನೋಡಿದರೂ ಏನೂ ಕಾಣುವುದಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಗಂಟು ಬಿಟ್ಟರೆ ಬೇರೇನೂ ಇಲ್ಲ. ನಾನು ಕೆಲಸ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಬರುವ ಪೆಟ್-ಸಿಟಿ ಕೋರಿಕೆಗಳಲ್ಲಿ ಅತಿ ಹೆಚ್ಚು ಹೊತ್ತು ಕೂತು ನೋಡಬೇಕಾಗುವುದು ಇಂಥವರ ಚಿತ್ರಗಳನ್ನೇ.

ಹೀಗೆ ಹರಡಿದ ಕ್ಯಾನ್ಸರ್ ಸಿಕ್ಕಿ, ಅದರ ಹುಟ್ಟಿದ ಜಾಗ ಸಿಗದೆ ಹೋದರೆ ಅದನ್ನು ಮೂಲ ತಿಳಿಯದ ಕ್ಯಾನ್ಸರ್ ಎನ್ನುತ್ತಾರೆ. ಆಸ್ಪತ್ರೆಯ ಮಾತಿನಲ್ಲಿ ‘ಪ್ರೈಮರಿ ಸಿಕ್ಕಿಲ್ಲ’. ಪಠ್ಯಪುಸ್ತಕಗಳು ಬಹಳ ಕಾಲದಿಂದ ಕೊಡುತ್ತ ಬಂದಿರುವ ಲೆಕ್ಕದ ಪ್ರಕಾರ ಎಲ್ಲ ಕ್ಯಾನ್ಸರ್‌ಗಳಲ್ಲಿ ಶೇಕಡ 3ರಿಂದ 5ರಷ್ಟು ಇಂಥವು. ಪರೀಕ್ಷೆಗಳು ಸೂಕ್ಷ್ಮವಾದಂತೆಲ್ಲ ಈ ಪಾಲು ಇಳಿಯುತ್ತಿದೆ. ಯಕೃತ್ತಿನಲ್ಲಿ, ಮೂಳೆಯಲ್ಲಿ, ಕಂಕುಳಲ್ಲಿ, ಹೊಟ್ಟೆಯ ಪೊರೆಯ ಮೇಲೆ, ಹೀಗೆ ಎಲ್ಲಿ ಬೇಕಾದರೂ ಅದು ಮೊದಲು ಕಾಣಿಸಿಕೊಳ್ಳಬಹುದು. ಈ ಬರಹದಲ್ಲಿ ನಾನು ಮುಖ್ಯವಾಗಿ ಕುತ್ತಿಗೆಯ ಗಂಟನ್ನೇ ಹಿಡಿದುಕೊಳ್ಳುತ್ತೇನೆ. ಹೊಗೆಸೊಪ್ಪು, ಗುಟ್ಕಾ, ಬೀಡಿಗಳ ನಮ್ಮ ನಾಡಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ಅದಕ್ಕಿಂತ ಹೆಚ್ಚಾಗಿ, ಮೂಲ ಸಿಕ್ಕಿದರೆ ರೋಗಿಯ ಮುಂದಿನ ದಿನಗಳು ನೇರವಾಗಿ ಬದಲಾಗುವ ಜಾಗವಿದು.

ಹೇಗೆ ಬದಲಾಗುತ್ತವೆ? ಮೂಲ ಗೊತ್ತಿಲ್ಲದಿದ್ದರೆ ವಿಕಿರಣ ಚಿಕಿತ್ಸೆ ಕೊಡುವವರು ಅನುಮಾನವಿರುವ ಜಾಗವನ್ನೆಲ್ಲ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ಮೂಗಿನ ಹಿಂಭಾಗ, ಎರಡೂ ಟಾನ್ಸಿಲ್, ನಾಲಿಗೆಯ ಬುಡ, ಕೆಲವೊಮ್ಮೆ ಗಂಟಲಿನ ಕೆಳಭಾಗ, ಕುತ್ತಿಗೆಯ ಎರಡೂ ಪಕ್ಕ. ಅಷ್ಟು ವಿಸ್ತಾರಕ್ಕೆ ವಿಕಿರಣ ಬಿದ್ದಾಗ ಜೊಲ್ಲುಗ್ರಂಥಿಗಳು ಬತ್ತುತ್ತವೆ. ಒಣ ಅನ್ನ ಗಂಟಲಿನಲ್ಲಿ ಇಳಿಯುವುದಿಲ್ಲ, ಹಲ್ಲು ಹುಳುಕಾಗುತ್ತದೆ, ನುಂಗುವ ಸ್ನಾಯುಗಳು ಬಿಗಿಯುತ್ತವೆ. ಇವೆಲ್ಲ ಚಿಕಿತ್ಸೆ ಮುಗಿದ ಮೇಲೂ ಉಳಿಯುವ ಕಷ್ಟಗಳು. ಮೂಲ ಒಂದು ಪಕ್ಕದ ಟಾನ್ಸಿಲಿನಲ್ಲಿ ಸಣ್ಣದಾಗಿ ಇದೆ ಎಂದು ಖಚಿತವಾದರೆ, ಎಷ್ಟೋ ಬಾರಿ ಆ ಪಕ್ಕಕ್ಕೆ ಮಾತ್ರ ಚಿಕಿತ್ಸೆ ಕೊಟ್ಟು ಇನ್ನೊಂದು ಪಕ್ಕವನ್ನು ಉಳಿಸಬಹುದು.

ಪೆಟ್ ಸ್ಕ್ಯಾನ್ ಈ ಹುಡುಕಾಟದಲ್ಲಿ ನೆರವಾಗುವುದಕ್ಕೆ ಕಾರಣ ಅದು ಆಕಾರವನ್ನು ನೋಡದೆ ಸಕ್ಕರೆಯ ಬಳಕೆಯನ್ನು ನೋಡುತ್ತದೆ ಎಂಬುದು. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಓಟೋ ವಾರ್ಬರ್ಗ್ ಎಂಬ ಜೀವರಸಾಯನ ವಿಜ್ಞಾನಿ, ಗಡ್ಡೆಯ ತುಣುಕುಗಳು ಆಮ್ಲಜನಕ ಸಾಕಷ್ಟಿದ್ದಾಗಲೂ ಗ್ಲೂಕೋಸನ್ನು ಅಪಾರವಾಗಿ ಬಳಸಿ ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ ಎಂದು ತೋರಿಸಿದರು. ಆ ಹಸಿವನ್ನೇ ನಾವು ಬಳಸಿಕೊಳ್ಳುವುದು. ಗ್ಲೂಕೋಸಿನ ಎರಡನೆಯ ಇಂಗಾಲದಲ್ಲಿರುವ ಹೈಡ್ರಾಕ್ಸಿಲ್ ಗುಂಪನ್ನು ತೆಗೆದು, ಆ ಜಾಗದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಪರಮಾಣುವನ್ನು ಕೂರಿಸಿದರೆ ಎಫ್‌ಡಿಜಿ ಎಂಬ ವಸ್ತು ಸಿಗುತ್ತದೆ. ಜೀವಕೋಶ ಇದನ್ನು ಗ್ಲೂಕೋಸ್ ಎಂದೇ ಒಳಗೆ ಬಿಟ್ಟುಕೊಳ್ಳುತ್ತದೆ. ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟನ್ನೂ ಅಂಟಿಸುತ್ತದೆ. ಆದರೆ ಮುಂದಿನ ಹಂತಕ್ಕೆ ಬೇಕಾದ ಹೈಡ್ರಾಕ್ಸಿಲ್ ಇಲ್ಲದ ಕಾರಣ ಅದು ಅಲ್ಲಿಂದ ಮುಂದಕ್ಕೆ ಹೋಗಲಾರದು, ಫಾಸ್ಫೇಟ್ ಅಂಟಿರುವುದರಿಂದ ಹಿಂದಕ್ಕೂ ಬರಲಾರದು. ಬಿದಿರಿನ ಕೂಳಿಗೆ ಹೊಕ್ಕ ಮೀನಿನ ಹಾಗೆ ಅದು ಕೋಶದೊಳಗೇ ಉಳಿಯುತ್ತದೆ. ಸಿಕ್ಕಿಬಿದ್ದ ಫ್ಲೋರಿನ್-18 ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನನ್ನು ಹೊರಸೂಸುತ್ತದೆ; ಅದು ಹತ್ತಿರದ ಎಲೆಕ್ಟ್ರಾನಿಗೆ ತಾಗಿ ಎರಡೂ ಅಳಿದಾಗ, ತಲಾ 511 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ರೋಗಿಯ ಸುತ್ತ ಬಳೆಯಾಕಾರದಲ್ಲಿ ಜೋಡಿಸಿದ ಹರಳುಗಳು ಅವೆರಡನ್ನೂ ಏಕಕಾಲಕ್ಕೆ ಹಿಡಿದು, ಈ ರೇಖೆಯ ಮೇಲೆಲ್ಲೋ ಅದು ಹುಟ್ಟಿತು ಎಂದು ದಾಖಲಿಸುತ್ತವೆ. ಅಂಥ ಕೋಟ್ಯಂತರ ರೇಖೆಗಳಿಂದ ಚಿತ್ರವಾಗುತ್ತದೆ. ಎಫ್‌ಡಿಜಿ ಹೆಚ್ಚು ಸೇರಿದ ಜಾಗ ಅದರಲ್ಲಿ ಕಪ್ಪಾಗಿ ಕಾಣುತ್ತದೆ; ನಮ್ಮ ಮಾತಿನಲ್ಲಿ ಅದನ್ನೇ ‘ಹೊಳೆಯುತ್ತದೆ’ ಎನ್ನುವುದು.

ಮೊದಲಿಗೆ ಇದನ್ನು ಕ್ಯಾನ್ಸರಿಗಾಗಿ ಮಾಡಿದ್ದಲ್ಲ. 1976ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ತಯಾರಾದ ಎಫ್‌ಡಿಜಿಯನ್ನು ವಿಮಾನದಲ್ಲಿ ಫಿಲಡೆಲ್ಫಿಯಕ್ಕೆ ಒಯ್ದು, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಅಬ್ಬಾಸ್ ಅಲಾವಿ ಮತ್ತು ಸಂಗಡಿಗರು ಇಬ್ಬರು ಸ್ವಯಂಸೇವಕರಿಗೆ ಕೊಟ್ಟು ನೋಡಿದರು. ಮನುಷ್ಯರಲ್ಲಿ ಎಫ್‌ಡಿಜಿ ಬಳಸಿದ್ದು ಅದೇ ಮೊದಲು. ಅವರಿಗೆ ಬೇಕಾಗಿದ್ದದ್ದು ಮಿದುಳಿನ ಚಿತ್ರ. ಕ್ಯಾನ್ಸರಿಗೆ, ಅದರಲ್ಲೂ ಕುತ್ತಿಗೆಯ ಕ್ಯಾನ್ಸರಿಗೆ ಇದು ನಿಜವಾಗಿ ದಕ್ಕಿದ್ದು ಪೆಟ್ ಮತ್ತು ಸಿಟಿ ಒಂದೇ ಯಂತ್ರದಲ್ಲಿ ಸೇರಿದ ಮೇಲೆ. ಡೇವಿಡ್ ಟೌನ್‌ಸೆಂಡ್ ಮತ್ತು ರೊನಾಲ್ಡ್ ನಟ್ ಅವರು ರೂಪಿಸಿದ ಮೊದಲ ಮಾದರಿ 1998ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಮುಂಚೆ ಕುತ್ತಿಗೆಯಲ್ಲಿ ಒಂದು ಕಪ್ಪು ಚುಕ್ಕೆ ಕಂಡರೆ ಅದು ಟಾನ್ಸಿಲೋ, ಜೊಲ್ಲುಗ್ರಂಥಿಯೋ, ಪಕ್ಕದ ಸ್ನಾಯುವೋ ಎಂದು ಅಂದಾಜು ಮಾಡಬೇಕಿತ್ತು. ಬೆರಳೆರಡರ ಅಗಲದಲ್ಲಿ ಹತ್ತು ಅಂಗರಚನೆಗಳು ಒತ್ತಿಕೊಂಡಿರುವ ಜಾಗವದು. ಅಂದಾಜಿನ ಮೇಲೆ ಕತ್ತರಿ ಹಾಕಲು ಬರುವುದಿಲ್ಲ.

ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ. ಅಂದರೆ ಇದನ್ನು ತಂದು ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಆಮ್ಲಜನಕ-18 ಹೆಚ್ಚಿರುವ ನೀರಿನ ಮೇಲೆ ಸೈಕ್ಲೋಟ್ರಾನ್ ಎಂಬ, ಕಣಗಳಿಗೆ ವೇಗ ಕೊಡುವ ಯಂತ್ರದಲ್ಲಿ ಪ್ರೋಟಾನ್‌ಗಳನ್ನು ಹಾಯಿಸಿ ಆಯಾ ದಿನವೇ ತಯಾರಿಸಬೇಕು. ಭಾರತದಲ್ಲಿ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬೈನ ಪರೇಲ್‌ನಲ್ಲಿರುವ ಭಾಭಾ ಅಣುಸಂಶೋಧನ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರಿನಲ್ಲಿ ಬಂತು. ಈಗ ಬೆಂಗಳೂರಿನಲ್ಲೂ ಸೈಕ್ಲೋಟ್ರಾನ್ ಇದೆ. ಸೈಕ್ಲೋಟ್ರಾನ್ ಇಲ್ಲದ ಊರಿನ ಕೇಂದ್ರಕ್ಕೆ ಸೀಸದ ಡಬ್ಬಿಯಲ್ಲಿ ಔಷಧ ಬೆಳಗಿನ ಜಾವವೇ ಹೊರಡುತ್ತದೆ, ಮತ್ತು ಮೂರು ಗಂಟೆಯ ದಾರಿ ಸವೆಯುವಷ್ಟರಲ್ಲಿ ಅದರ ಮೂರನೇ ಎರಡು ಪಾಲು ಕರಗಿಹೋಗಿರುತ್ತದೆ. ರೋಗಿಗೆ ‘ಏಳು ಗಂಟೆಗೇ ಬನ್ನಿ, ತಡ ಮಾಡಬೇಡಿ’ ಎಂದು ನಮ್ಮವರು ಒತ್ತಿ ಹೇಳುವುದರ ಹಿಂದಿನ ಕಾರಣ ಇದು. ತಡವಾದರೆ ಔಷಧ ಕಾಯುವುದಿಲ್ಲ.

ಚುಚ್ಚುಮದ್ದು ಕೊಟ್ಟ ಮೇಲೆ ಸುಮಾರು ಒಂದು ಗಂಟೆ ರೋಗಿ ಸುಮ್ಮನೆ ಒರಗಿರಬೇಕು. ಕುತ್ತಿಗೆಯಲ್ಲಿ ಮೂಲ ಹುಡುಕುವಾಗ ಈ ಒಂದು ಗಂಟೆಯ ಬೆಲೆ ಎಷ್ಟೆಂದು ರೋಗಿಗಳಿಗೂ ಜೊತೆಯವರಿಗೂ ನಾವು ಬಿಡಿಸಿ ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾತಾಡಿದರೆ ಧ್ವನಿಪೆಟ್ಟಿಗೆಯ ಸ್ನಾಯುಗಳು ಸಕ್ಕರೆ ಹೀರುತ್ತವೆ. ಅಡಿಕೆಯನ್ನೋ ಚ್ಯೂಯಿಂಗ್ ಗಮ್ಮನ್ನೋ ಅಗಿದರೆ ದವಡೆಯ ಸ್ನಾಯು, ನಾಲಿಗೆ ಎರಡೂ ಚಿತ್ರದಲ್ಲಿ ಕಪ್ಪಾಗುತ್ತವೆ. ಕೋಣೆ ತಣ್ಣಗಿದ್ದು ಮೈ ನಡುಗಿದರೆ ಹೆಗಲು-ಕುತ್ತಿಗೆಯ ಕಂದು ಕೊಬ್ಬು ಶಾಖ ಹುಟ್ಟಿಸಲೆಂದು ಎಫ್‌ಡಿಜಿಯನ್ನು ಎಳೆದುಕೊಳ್ಳುತ್ತದೆ, ಮತ್ತು ಅಲ್ಲಿರಬಹುದಾದ ಚಿಕ್ಕ ಗಂಟುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಅದಕ್ಕೇ ನಮ್ಮ ನರ್ಸ್ ಒಬ್ಬೊಬ್ಬರಿಗೂ ಕಂಬಳಿ ಹೊದಿಸುತ್ತಾರೆ, ಫೋನ್ ತೆಗೆದಿಡಿಸುತ್ತಾರೆ. ಹೊರಗೆ ಕೂತ ಮನೆಯವರು ಹತ್ತು ನಿಮಿಷಕ್ಕೊಮ್ಮೆ ‘ಅವರ ಹತ್ತಿರ ಒಂದು ನಿಮಿಷ ಮಾತಾಡಬಹುದಾ’ ಎಂದು ಕೇಳುತ್ತಾರೆ. ಅವರ ಆತಂಕ ಅರ್ಥವಾಗುವಂಥದ್ದು. ಆದರೂ ಆ ಒಂದು ನಿಮಿಷ ಬೇಡ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. ರಕ್ತದಲ್ಲಿ ಗ್ಲೂಕೋಸ್ ತುಂಬಿಕೊಂಡಿದ್ದರೆ ಅದು ಎಫ್‌ಡಿಜಿಯೊಂದಿಗೆ ಪೈಪೋಟಿಗೆ ಇಳಿಯುತ್ತದೆ. 200 ಮಿಲಿಗ್ರಾಂ ದಾಟಿದ್ದರೆ ಸಾಮಾನ್ಯವಾಗಿ ಸ್ಕ್ಯಾನನ್ನು ಮುಂದೂಡುತ್ತೇವೆ. ಹಾಗೆಂದು ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಬಂದರೆ ಸಕ್ಕರೆಯೆಲ್ಲ ಸ್ನಾಯುಗಳಿಗೆ ನುಗ್ಗಿ ಚಿತ್ರ ಕೆಡುತ್ತದೆ. ಮೆಟ್‌ಫಾರ್ಮಿನ್ ಮಾತ್ರೆ ಕರುಳನ್ನು ಕಪ್ಪಾಗಿಸುತ್ತದೆ. ಹೊಟ್ಟೆಯೊಳಗೆ ಮೂಲ ಹುಡುಕಬೇಕಾದಾಗ ಅದು ದೊಡ್ಡ ತೊಡಕು. ಇವನ್ನೆಲ್ಲ ಸ್ಕ್ಯಾನಿನ ದಿನ ಕೇಳಿ ಪ್ರಯೋಜನವಿಲ್ಲ, ದಿನ ಗೊತ್ತುಮಾಡುವಾಗಲೇ ಕೇಳಬೇಕು.

ಇನ್ನು ಚಿತ್ರ ನೋಡುವ ಕೆಲಸ. ಮೊದಲು ಪರದೆಯ ಮೇಲೆ ಇಡೀ ದೇಹ ಬಿಳಿ ಹಿನ್ನೆಲೆಯಲ್ಲಿ ಬೂದು-ಕಪ್ಪು ನೆರಳಾಗಿ ನಿಧಾನವಾಗಿ ಸುತ್ತುತ್ತದೆ. ಮಿದುಳು ಸದಾ ಕಪ್ಪು. ಮೂತ್ರಪಿಂಡ, ಮೂತ್ರಕೋಶ ಕಪ್ಪು, ಏಕೆಂದರೆ ಎಫ್‌ಡಿಜಿ ಹೊರಹೋಗುವ ದಾರಿ ಅದು. ಹೃದಯ ಕೆಲವರಲ್ಲಿ ಕಪ್ಪು, ಕೆಲವರಲ್ಲಿ ತಿಳಿ. ಇವುಗಳ ನಡುವೆ ಗಂಟು ಎದ್ದು ಕಾಣುತ್ತದೆ. ಅದು ಮೊದಲೇ ಗೊತ್ತಿರುವುದು. ನಾನು ಬಲ್ಲ ಹಿರಿಯ ವೈದ್ಯರೊಬ್ಬರು ಗಂಟು ಎಲ್ಲಿದೆ ಎಂದು ಕೇಳದೆ ಚಿತ್ರ ತೆರೆಯುತ್ತಿರಲಿಲ್ಲ, ಮತ್ತು ಅದು ಸರಿಯಾದ ಕ್ರಮ. ಕುತ್ತಿಗೆಯ ಮೇಲ್ಭಾಗದಲ್ಲಿ, ದವಡೆಯ ಕೆಳಗೆ ಇರುವ ಗಂಟು ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಕಡೆ ಬೆರಳು ಮಾಡುತ್ತದೆ. ಕುತ್ತಿಗೆಯ ಹಿಂಬದಿಯ ಗಂಟು ಮೂಗಿನ ಹಿಂಭಾಗದ ಕಡೆ. ಎಡ ಕೊರಳಮೂಳೆಯ ಮೇಲಿನ ಗಂಟು ಶ್ವಾಸಕೋಶ, ಹೊಟ್ಟೆಯ ಕಡೆ. ಆಮೇಲೆ ಅಡ್ಡಸೀಳಿನ ಚಿತ್ರಗಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಮೇಲಿಂದ ಕೆಳಗೆ ಇಳಿಸುತ್ತ, ಬಲವನ್ನೂ ಎಡವನ್ನೂ ಹೋಲಿಸುತ್ತ ಹೋಗಬೇಕು.

ಟಾನ್ಸಿಲ್‌ನ ತೊಡಕು ಇಲ್ಲೇ ಇರುವುದು. ಅದು ದೇಹದ ಕಾವಲು ಅಂಗಾಂಶ, ಯಾವಾಗಲೂ ಒಂದಿಷ್ಟು ಸಕ್ಕರೆ ಬಳಸುತ್ತಲೇ ಇರುತ್ತದೆ. ಎರಡೂ ಪಕ್ಕ ಸಮವಾಗಿ ಹೊಳೆದರೆ ಅದು ಸಹಜ. ಒಂದು ಪಕ್ಕ ಮಾತ್ರ ಹೆಚ್ಚಿದ್ದರೆ ಅನುಮಾನ. ಆದರೆ ಮೊನ್ನೆಯಷ್ಟೇ ಗಂಟಲು ನೋವು ಬಂದುಹೋದವರಲ್ಲೂ ಒಂದು ಪಕ್ಕ ಹೆಚ್ಚಿರಬಹುದು. ಹಲ್ಲಿಗೆ ತುಂಬಿಸಿದ ಲೋಹದಿಂದ ಸಿಟಿ ಲೆಕ್ಕ ತಪ್ಪಿ, ಅದರ ಪಕ್ಕದ ಜಾಗ ಸುಳ್ಳೇ ಹೊಳೆಯಬಹುದು. ಅಂಥಲ್ಲಿ ಸಿಟಿಯ ತಿದ್ದುಪಡಿ ಇಲ್ಲದ ಕಚ್ಚಾ ಚಿತ್ರವನ್ನೂ ತೆರೆದು ನೋಡಬೇಕು.

ಮಲೆನಾಡಿನ ಕಡೆಯ ಅಡಿಕೆ ಬೆಳೆಗಾರರೊಬ್ಬರ ಚಿತ್ರ ನೆನಪಾಗುತ್ತದೆ. ಬಲಗಡೆ ಕುತ್ತಿಗೆಯ ಮೇಲ್ಭಾಗದಲ್ಲಿ ಒಂದೇ ಗಂಟು. ಬಾಯಿ, ಗಂಟಲು ಎರಡನ್ನೂ ಇಬ್ಬರು ನುರಿತ ವೈದ್ಯರು ನೋಡಿ ಏನೂ ಇಲ್ಲ ಎಂದಿದ್ದರು. ಚಿತ್ರದಲ್ಲಿ ಎರಡೂ ಟಾನ್ಸಿಲ್ ಮಂದವಾಗಿ ಹೊಳೆಯುತ್ತಿದ್ದವು. ಬಲ ಟಾನ್ಸಿಲ್‌ನ ಕೆಳತುದಿಯಲ್ಲಿ, ನಾಲಿಗೆಯ ಬುಡಕ್ಕೆ ಸೇರುವ ತೋಡಿನ ಹತ್ತಿರ, ಸುತ್ತಲಿಗಿಂತ ಗಾಢವಾದ ಒಂದು ಬಿಂದು. ಎಡಗಡೆ ಅದಕ್ಕೆ ಜೋಡಿಯಿರಲಿಲ್ಲ. ಸಿಟಿಯಲ್ಲಿ ಅಲ್ಲಿ ಹೆಸರಿಸುವಂಥದ್ದೇನೂ ಇರಲಿಲ್ಲ. ‘ಬಲ ಟಾನ್ಸಿಲ್‌ನ ಕೆಳತುದಿಯಲ್ಲಿ ಅಸಮ ಹೀರಿಕೆ, ಬಯಾಪ್ಸಿ ಅಗತ್ಯ’ ಎಂದು ವರದಿ ಹೋಯಿತು. ಇಎನ್‌ಟಿ ಸರ್ಜನ್ ಮೇಲ್ಮೈಯಿಂದ ಚೂರು ಕೀಳುವುದರ ಬದಲು ಆ ಟಾನ್ಸಿಲನ್ನೇ ಪೂರ್ತಿ ತೆಗೆದರು. ಪೆಥಾಲಜಿಯಲ್ಲಿ ಅದನ್ನು ತೆಳುವಾಗಿ ಸೀಳಿ ನೋಡಿದಾಗ ಟಾನ್ಸಿಲ್‌ನ ಆಳವಾದ ಗುಳಿಯೊಂದರ ಗೋಡೆಯಲ್ಲಿ ಚಿಕ್ಕ ಗಡ್ಡೆ ಸಿಕ್ಕಿತು. ಹೊರಗಿನಿಂದ ನೋಡಿದವರಿಗೆ ಅದು ಕಾಣುವ ಸಂಭವವೇ ಇರಲಿಲ್ಲ. ಸ್ಕ್ಯಾನಿನ ದಿನ ಅವರ ಮಗಳು ಬಾಗಿಲ ಬಳಿ ನಿಂತು, ‘ಡಾಕ್ಟ್ರೇ, ಅಪ್ಪಯ್ಯಂಗೆ ಎಲ್ಲಿಂದ ಶುರುವಾಗಿದ್ದು ಅಂತ ಗೊತ್ತಾಯ್ತಾ?’ ಎಂದು ಕೇಳಿದ್ದರು. ಅಂದು ನಾನು, ‘ಎಲ್ಲಿ ನೋಡಬೇಕು ಅಂತ ಗೊತ್ತಾಗಿದೆ ಅಮ್ಮಾ, ಅಲ್ಲಿಂದ ಚೂರು ತೆಗೆದು ನೋಡಿದ ಮೇಲೆ ಹೇಳ್ತಾರೆ’ ಎಂದಿದ್ದೆ. ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಆ ಹಂತದಲ್ಲಿ ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ನಮಗಿಲ್ಲ ಎಂದೇ ನಾನು ನಂಬಿದ್ದೇನೆ.

ಎಲ್ಲರ ವಿಷಯದಲ್ಲೂ ಹೀಗೆ ಸಿಗುವುದಿಲ್ಲ. ಎಷ್ಟು ಜನರಲ್ಲಿ ಸಿಗುತ್ತದೆ ಎಂಬುದಕ್ಕೆ ಒಳ್ಳೆಯ ಲೆಕ್ಕಗಳಿವೆ. 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಕುತ್ತಿಗೆಗೆ ಹರಡಿದ, ಮೂಲ ತಿಳಿಯದ ಕ್ಯಾನ್ಸರಿನ 302 ರೋಗಿಗಳಿದ್ದ 16 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಮಾಮೂಲಿ ಪರೀಕ್ಷೆಗಳಿಗೆ ಸಿಗದ ಮೂಲವನ್ನು ಪೆಟ್ ಶೇಕಡ 24.5ರಷ್ಟು ಜನರಲ್ಲಿ ತೋರಿಸಿತ್ತು. ಅದೇ ಸಮೀಕ್ಷೆಯಲ್ಲಿ ಟಾನ್ಸಿಲ್‌ನ ಸುಳ್ಳು ಸೂಚನೆ ಶೇಕಡ 39ರ ಆಸುಪಾಸಿನಲ್ಲಿತ್ತು ಎಂಬುದನ್ನೂ ಮರೆಯಬಾರದು. ಪೆಟ್-ಸಿಟಿ ಬಂದ ಮೇಲೆ, ದೇಹದ ಎಲ್ಲ ಭಾಗಗಳ ಮೂಲ ತಿಳಿಯದ ಕ್ಯಾನ್ಸರ್‌ಗಳನ್ನು ಸೇರಿಸಿ 2009ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ 11 ಅಧ್ಯಯನಗಳ 433 ರೋಗಿಗಳನ್ನು ನೋಡಿತು. ಅಲ್ಲಿ ಮೂಲ ಸಿಕ್ಕಿದ್ದು ಶೇಕಡ 37ರಷ್ಟು ಜನರಲ್ಲಿ. ಸಿಕ್ಕಿದ ಮೂಲಗಳಲ್ಲಿ ಶ್ವಾಸಕೋಶದ್ದೇ ಹೆಚ್ಚು, ಆಮೇಲೆ ಗಂಟಲಿನ ಮಧ್ಯಭಾಗ, ಆಮೇಲೆ ಮೇದೋಜೀರಕ. ಹೀಗಾಗಿ ಮೂವರಲ್ಲಿ ಒಬ್ಬರಿಗೆ ಉತ್ತರ, ಇಬ್ಬರಿಗೆ ಇಲ್ಲ ಎಂದು ಸ್ಥೂಲವಾಗಿ ಹೇಳಬಹುದು. ಬೇರೆಲ್ಲ ದಾರಿ ಮುಗಿದ ಮೇಲೆ ಮೂವರಲ್ಲಿ ಒಬ್ಬರಿಗೆ ದಾರಿ ತೋರಿಸುವ ಪರೀಕ್ಷೆಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಈ ಬರಹ ಬರೆಯಲು ನನಗಿದ್ದ ಮುಖ್ಯ ಕಾರಣಕ್ಕೆ ಈಗ ಬರುತ್ತೇನೆ. ನಮ್ಮಲ್ಲಿ ಈ ಸ್ಕ್ಯಾನ್ ತೀರ ತಡವಾಗಿ ನಡೆಯುತ್ತದೆ. ಊರಿನಲ್ಲಿ ಗಂಟನ್ನು ಕೊಯ್ದು ತೆಗೆದಿರುತ್ತಾರೆ. ತಾಲ್ಲೂಕಿನಲ್ಲಿ ಗಂಟಲಿನಿಂದ ಅಲ್ಲೊಂದು ಇಲ್ಲೊಂದು ಚೂರು ಕಿತ್ತಿರುತ್ತಾರೆ. ಏನೂ ಸಿಗದಿದ್ದಾಗ, ಕೊನೆಯ ಪ್ರಯತ್ನವೆಂಬಂತೆ ಪೆಟ್-ಸಿಟಿಗೆ ಬರೆದುಕೊಡುತ್ತಾರೆ. ಅಷ್ಟು ಹೊತ್ತಿಗೆ ಚೂರು ಕಿತ್ತ ಜಾಗಗಳೆಲ್ಲ ಗಾಯ ಮಾಯುವ ಹಂತದಲ್ಲಿ ಇರುತ್ತವೆ, ಮತ್ತು ಮಾಯುವ ಗಾಯಕ್ಕೂ ಸಕ್ಕರೆ ಬೇಕು. ಎಡ ಟಾನ್ಸಿಲ್ ಹೊಳೆಯುತ್ತದೆ, ಮೂಗಿನ ಹಿಂಭಾಗ ಹೊಳೆಯುತ್ತದೆ, ಕುತ್ತಿಗೆಯಲ್ಲಿ ಹೊಲಿಗೆಯ ಉದ್ದಕ್ಕೂ ಹೊಳೆಯುತ್ತದೆ. ಇವುಗಳಲ್ಲಿ ಕ್ಯಾನ್ಸರ್ ಯಾವುದು, ಕತ್ತರಿಯ ಗುರುತು ಯಾವುದು ಎಂದು ಬೇರ್ಪಡಿಸಲು ಆಗುವುದಿಲ್ಲ. ಗಂಟನ್ನು ಕೊಯ್ದು ತೆಗೆದರೆ ಆಗುವ ಇನ್ನೊಂದು ನಷ್ಟವೆಂದರೆ ಮುಂದಿನ ಶಸ್ತ್ರಚಿಕಿತ್ಸೆ ಕಷ್ಟವಾಗುವುದು. ದೊಡ್ಡವರ ಕುತ್ತಿಗೆಯ ಗಂಟಿಗೆ ಮೊದಲು ಸೂಜಿ ಪರೀಕ್ಷೆ, ಕೊಯ್ಯುವುದು ಬೇರೆ ದಾರಿಯಿಲ್ಲದಾಗ ಮಾತ್ರ ಎಂಬುದು ಇಎನ್‌ಟಿಯವರ ಹಳೆಯ ಪಾಠ.

ಸರಿಯಾದ ಅನುಕ್ರಮ ಕಷ್ಟದ್ದೇನಲ್ಲ. ಸೂಜಿ ಪರೀಕ್ಷೆಯಲ್ಲಿ ಹರಡಿದ ಸ್ಕ್ವಾಮಸ್ ಕ್ಯಾನ್ಸರ್ ಎಂದು ಬಂತು. ಬಾಯಿ-ಗಂಟಲನ್ನು ಕಣ್ಣಿನಿಂದ, ಬೆರಳಿನಿಂದ, ಸ್ಕೋಪಿನಿಂದ ನೋಡಿದ್ದಾಯಿತು. ಸಿಟಿ ಅಥವಾ ಎಂಆರ್‌ಐನಲ್ಲಿ ಮೂಲ ಕಾಣಲಿಲ್ಲ. ಪೆಟ್-ಸಿಟಿಯ ಸಮಯ ಇದು, ಅರಿವಳಿಕೆ ಕೊಟ್ಟು ಚೂರು ತೆಗೆಯುವುದಕ್ಕೆ ಮುಂಚೆ. ಆಮೇಲೆ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿ ಮಾಡುವ ಸರ್ಜನ್ ನಮ್ಮ ಚಿತ್ರವನ್ನು ಆಪರೇಷನ್ ಥಿಯೇಟರಿನ ಪರದೆಯ ಮೇಲೆ ಇಟ್ಟುಕೊಂಡು, ಅದು ತೋರಿಸಿದ ಜಾಗದಿಂದಲೇ ಅಂಗಾಂಶ ತೆಗೆಯಬಹುದು. ಹಣದ ಲೆಕ್ಕ ನೋಡಿದರೂ ಇದೇ ಸರಿ. ಊರು, ಕೇಂದ್ರಗಳ ಮೇಲೆ ಅವಲಂಬಿಸಿ ಒಂದು ಪೆಟ್-ಸಿಟಿಗೆ ಸುಮಾರು 10,000ದಿಂದ 25,000 ರೂಪಾಯಿ ಆಗುತ್ತದೆ. ತೋಟದ ಒಂದು ಕೊಯ್ಲಿನ ದುಡ್ಡು ತಂದು ಕಟ್ಟುವವರಿಗೆ ಅದು ಸಣ್ಣ ಮೊತ್ತವಲ್ಲ. ಅಷ್ಟು ಕೊಟ್ಟು ಮಾಡಿಸುವ ಪರೀಕ್ಷೆಯನ್ನು ಅದು ಅತ್ಯಂತ ಉಪಯುಕ್ತವಾಗುವ ದಿನ ಮಾಡದೆ, ಗಾಯದ ಹೊಳಪಿನಲ್ಲಿ ಮುಳುಗಿದ ದಿನ ಮಾಡುವುದು ನನಗೆ ನೋವಿನ ಸಂಗತಿ.

ಟಿಬಿಯ ಮಾತನ್ನೂ ಆಡಲೇಬೇಕು. ವಿದೇಶದ ಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಇರುತ್ತದೆ, ನಮ್ಮಲ್ಲಿ ಒಂದು ಅಧ್ಯಾಯವೇ ಬೇಕು. ಕ್ಷಯದ ಗ್ರಾನ್ಯುಲೋಮಾದಲ್ಲಿ, ಅಂದರೆ ಸೋಂಕಿನ ಸುತ್ತ ಕಟ್ಟಿಕೊಳ್ಳುವ ಗಂಟಿನಲ್ಲಿ, ಸೇರಿರುವ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಕ್ಯಾನ್ಸರ್ ಕೋಶಗಳಷ್ಟೇ ಆತುರದಿಂದ ಎಫ್‌ಡಿಜಿ ಹೀರುತ್ತವೆ. ಯಕೃತ್ತಿನಲ್ಲಿ ಹರಡಿದ ಗಡ್ಡೆಗಳು, ಬಲ ಶ್ವಾಸಕೋಶದ ತುದಿಯಲ್ಲಿ ಒಂದು ಕಪ್ಪು ಗುರುತು. ನೋಡಿದ ತಕ್ಷಣ ಶ್ವಾಸಕೋಶವೇ ಮೂಲ ಎನ್ನಲು ಬಾಯಿ ಬರುತ್ತದೆ. ಆದರೆ ಆ ಗುರುತಿನಿಂದ ಸೂಜಿಯಲ್ಲಿ ಬಂದದ್ದು ಕ್ಷಯವಾಗಿ, ಮೂಲ ಬೇರೆಡೆ ಇರಬಹುದು; ಎರಡು ಕಾಯಿಲೆ ಒಬ್ಬರಲ್ಲೇ ಇರುವುದು ನಮ್ಮಲ್ಲಿ ವಿಶೇಷವೇನಲ್ಲ. ಹೀರಿಕೆಯನ್ನು ಅಳೆಯುವ ಎಸ್‌ಯುವಿ ಎಂಬ ಅಂಕಿ ವರದಿಯಲ್ಲಿ ಇರುತ್ತದೆ. 2.5ಕ್ಕಿಂತ ಹೆಚ್ಚಾದರೆ ಕ್ಯಾನ್ಸರ್ ಎಂಬ ನಂಬಿಕೆ ರೋಗಿಗಳ ನಡುವೆಯೂ ಕೆಲವು ವೈದ್ಯರ ನಡುವೆಯೂ ಬೇರೂರಿದೆ. ಅಂಥ ಗಡಿ ಇಲ್ಲ. ಕ್ಷಯದ ಗ್ರಂಥಿಯಲ್ಲಿ ಅದು 10 ದಾಟಿರಬಹುದು, ನಿಧಾನವಾಗಿ ಬೆಳೆಯುವ ಕ್ಯಾನ್ಸರಿನಲ್ಲಿ 2ಕ್ಕೇ ನಿಂತಿರಬಹುದು. ವರದಿ ಕೈಗೆ ಬಂದ ಕೂಡಲೇ ಆ ಅಂಕಿಯನ್ನು ಗೂಗಲ್‌ನಲ್ಲಿ ಹುಡುಕಿ ರಾತ್ರಿಯೆಲ್ಲ ನಿದ್ದೆಗೆಡುವ ಮನೆಯವರಿಗೆ ನಾನು ಪ್ರೀತಿಯಿಂದ ಹೇಳುವುದು ಇಷ್ಟೇ: ಆ ಅಂಕಿ ನಿಮಗಾಗಿ ಬರೆದದ್ದಲ್ಲ, ಮುಂದಿನ ಸ್ಕ್ಯಾನಿನೊಂದಿಗೆ ಹೋಲಿಸಲೆಂದು ನಮಗಾಗಿ ಬರೆದುಕೊಂಡದ್ದು.

ಕಾಣದೆ ಹೋಗುವುದಕ್ಕೂ ಕಾರಣಗಳಿವೆ. ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯನ್ನು ಈ ಯಂತ್ರ ನೆಚ್ಚಿಕೆಯಿಂದ ತೋರಿಸಲಾರದು. ನಾಲಿಗೆಯ ಬುಡದಲ್ಲಿ ಚರ್ಮದ ಹಾಗೆ ತೆಳುವಾಗಿ ಹರಡಿದ ಗಡ್ಡೆ ಅಲ್ಲಿಯ ಸಹಜ ಹೊಳಪಿನಲ್ಲೇ ಅಡಗುತ್ತದೆ. ಲೋಳೆ ತುಂಬಿದ ಕೆಲವು ಜಠರ-ಕರುಳಿನ ಕ್ಯಾನ್ಸರ್‌ಗಳು, ಪ್ರಾಸ್ಟೇಟಿನ ಕ್ಯಾನ್ಸರ್‌ಗಳು ಸಕ್ಕರೆಗೆ ಹೆಚ್ಚು ಆಸೆಪಡುವುದಿಲ್ಲ. ಹಾರ್ಮೋನು ಸ್ರವಿಸುವ ಬಗೆಯ ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆ ಎಂದು ಅಂಗಾಂಶ ಹೇಳಿದರೆ ಸಕ್ಕರೆಯ ಬದಲು, ಆ ಕೋಶಗಳಿಗೆ ಅಂಟಿಕೊಳ್ಳುವ, ಗ್ಯಾಲಿಯಂ-68 ಸೇರಿಸಿದ ಡೋಟಾಟೇಟ್ ಎಂಬ ವಸ್ತುವನ್ನು ಬಳಸುತ್ತೇವೆ. ಸಣ್ಣ ಕರುಳಿನಲ್ಲಿ ಅಡಗಿ ಯಕೃತ್ತಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ಮೂಲಗಳನ್ನು ಅದು ಹುಡುಕಿಕೊಟ್ಟಿದೆ. ಹಾಗಾಗಿ ಯಾವ ಸ್ಕ್ಯಾನ್ ಎಂಬ ನಿರ್ಧಾರವೂ ಪೆಥಾಲಜಿಸ್ಟರ ಟೇಬಲಿನಿಂದಲೇ ಆರಂಭವಾಗಬೇಕು. ಅವರ ಕೆಲಸ ಕೆಲವೊಮ್ಮೆ ನಮ್ಮ ಚಿತ್ರಕ್ಕಿಂತ ಮುಂದೆ ಹೋಗುತ್ತದೆ. ಗಂಟಿನ ಕೋಶಗಳಲ್ಲಿ ಪಿ16 ಪ್ರೋಟೀನು ಗಾಢವಾಗಿದ್ದರೆ, ಎಚ್‌ಪಿವಿ ಎಂಬ ವೈರಸ್ಸಿನ ಸೋಂಕಿನಿಂದ ಬಂದ ಟಾನ್ಸಿಲ್-ನಾಲಿಗೆಬುಡದ ಕ್ಯಾನ್ಸರೆಂದೂ, ಎಪ್ಸ್ಟೀನ್-ಬಾರ್ ವೈರಸ್ಸಿನ ಗುರುತಿದ್ದರೆ ಮೂಗಿನ ಹಿಂಭಾಗದ್ದೆಂದೂ ಪರಿಗಣಿಸುವ ಕ್ರಮ ಈಗಿನ ಅಂತರರಾಷ್ಟ್ರೀಯ ಹಂತನಿರ್ಣಯದಲ್ಲೇ ಬಂದಿದೆ, ಗಡ್ಡೆ ಕಣ್ಣಿಗೆ ಬೀಳದಿದ್ದರೂ.

ಏನೂ ಸಿಗದ ವರದಿಯನ್ನು ಹೇಗೆ ಹೇಳಬೇಕು ಎಂಬುದು ನಾವು ಇನ್ನೂ ಕಲಿಯಬೇಕಾದ ವಿಷಯ. ‘ಮೂಲ ಪತ್ತೆಯಾಗಿಲ್ಲ’ ಎಂಬ ಒಂದೇ ಸಾಲು ಓದಿದ ಮನೆಯವರಿಗೆ, ದುಡ್ಡು ಹೋಯಿತು, ಕಾಯಿಲೆ ಕೈಮೀರಿತು ಎಂದೇ ಅನ್ನಿಸುತ್ತದೆ. ಆದರೆ ಅದೇ ಸ್ಕ್ಯಾನ್ ಶ್ವಾಸಕೋಶ, ಯಕೃತ್ತು, ಮೂಳೆಗಳಲ್ಲಿ ಹರಡಿದ ಗುರುತಿಲ್ಲ ಎಂದೂ ಹೇಳಿರುತ್ತದೆ, ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಅದು ದೊಡ್ಡ ಸಮಾಧಾನ. ಕುತ್ತಿಗೆಯ ಗ್ರಂಥಿಗಳಲ್ಲಿ ಮಾತ್ರ ಇರುವ, ಮೂಲ ಸಿಗದ ಸ್ಕ್ವಾಮಸ್ ಕ್ಯಾನ್ಸರನ್ನು ವೈದ್ಯಶಾಸ್ತ್ರ ಒಳ್ಳೆಯ ಗುಂಪಿನಲ್ಲಿ ಎಣಿಸುತ್ತದೆ. ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ನಡೆಯುತ್ತದೆ. ಕಂಕುಳಲ್ಲಿ ಮಾತ್ರ ಗಂಟಿದ್ದು ಸ್ತನದಲ್ಲಿ ಏನೂ ಸಿಗದ ಮಹಿಳೆಯರದ್ದೂ ಹೀಗೆಯೇ: ಸ್ತನದ ಕ್ಯಾನ್ಸರಿನ ಚಿಕಿತ್ಸೆಯನ್ನೇ ಕೊಟ್ಟು ಒಳ್ಳೆಯ ಫಲ ಕಂಡಿದ್ದಾರೆ.

ಮೂಲ ಸಿಕ್ಕಿದರೆ ಸಾಕು, ಆಯುಷ್ಯ ಬೆಳೆಯುತ್ತದೆ ಎಂಬ ನಂಬಿಕೆಯೂ ಎಲ್ಲ ಕಡೆ ನಿಲ್ಲುವುದಿಲ್ಲ. ದೇಹದ ಹಲವೆಡೆ ಹರಡಿದವರಲ್ಲಿ, ಜೀನ್‌ಗಳ ಜಾಡು ಹಿಡಿದು ಮೂಲ ಊಹಿಸಿ ಅದಕ್ಕೆ ತಕ್ಕ ಔಷಧ ಕೊಟ್ಟ ಜಪಾನಿನ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಸಾಮಾನ್ಯ ಕೀಮೋಥೆರಪಿ ಪಡೆದವರಿಗಿಂತ ಅವರು ಹೆಚ್ಚು ಕಾಲವೇನೂ ಬದುಕಲಿಲ್ಲ. ಹಿಂದಿನ ದಶಕಗಳ ಶವಪರೀಕ್ಷೆಗಳನ್ನು ಒಟ್ಟುಗೂಡಿಸಿ 2007ರಲ್ಲಿ ಬಂದ ಸಮೀಕ್ಷೆಯಲ್ಲಿ 884 ಜನರ ಪೈಕಿ 644 ಜನರಲ್ಲಿ ಮೂಲ ಕೊನೆಗೂ ಸಿಕ್ಕಿತ್ತು. ಉಳಿದವರಲ್ಲಿ ಅಂಗಗಳನ್ನು ಬಿಚ್ಚಿ ನೋಡಿದರೂ ಸಿಗಲಿಲ್ಲ. ಅದಕ್ಕೇ ಮೂರನೆಯ, ನಾಲ್ಕನೆಯ ಸುತ್ತಿನ ಹುಡುಕಾಟಕ್ಕೆಂದು ರೋಗಿಯನ್ನು ಊರೂರು ಅಲೆಸುವ ಮನೆಯವರನ್ನು ಕಂಡಾಗ, ಸಾಕು, ಇನ್ನು ಚಿಕಿತ್ಸೆ ಶುರುಮಾಡಿ ಎಂದು ಕೈಹಿಡಿದು ಹೇಳಬೇಕೆನಿಸುತ್ತದೆ. ವಾರಗಳು ಹುಡುಕಾಟದಲ್ಲಿ ಕಳೆದರೆ ಗಂಟು ಕಾಯುವುದಿಲ್ಲ.

ಕುತ್ತಿಗೆಯ ಚಿಕಿತ್ಸೆ ಮುಗಿದವರಿಗೆ ಈ ಸ್ಕ್ಯಾನ್ ಮತ್ತೊಮ್ಮೆ ಬೇಕಾಗುತ್ತದೆ. ವಿಕಿರಣದ ನಂತರ ಗಟ್ಟಿಯಾಗಿ ಉಳಿದ ಗಂಟಿನಲ್ಲಿ ಜೀವಂತ ಕ್ಯಾನ್ಸರ್ ಇದೆಯೋ, ಬರಿಯ ಕಲೆ ಉಳಿದಿದೆಯೋ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಮೊದಲೆಲ್ಲ ಅನುಮಾನಕ್ಕೇ ಕುತ್ತಿಗೆ ಕೊಯ್ದು ಗ್ರಂಥಿಗಳನ್ನು ತೆಗೆಯುತ್ತಿದ್ದರು. ಬ್ರಿಟನ್ನಿನಲ್ಲಿ 564 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಿಕಿತ್ಸೆ ಮುಗಿದ 12 ವಾರಕ್ಕೆ ಪೆಟ್-ಸಿಟಿ ಮಾಡಿ ಅಗತ್ಯವಿದ್ದವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಮಾಡಿದ ಗುಂಪಿನಲ್ಲಿ 54 ಶಸ್ತ್ರಚಿಕಿತ್ಸೆಗಳಾದವು, ಎಲ್ಲರಿಗೂ ಮಾಡಬೇಕೆಂದಿದ್ದ ಗುಂಪಿನಲ್ಲಿ 221. ಬದುಕುಳಿದವರ ಪ್ರಮಾಣದಲ್ಲಿ ಎರಡೂ ಗುಂಪು ಸಮನಾಗಿದ್ದವು. ಇಲ್ಲೂ ದಿನದ ಲೆಕ್ಕ ಮುಖ್ಯ. ಆರನೆಯ ವಾರಕ್ಕೇ ಮಾಡಿಸಿದರೆ ವಿಕಿರಣದ ಉರಿಯೂತವೇ ಹೊಳೆದು ಎಲ್ಲರನ್ನೂ ಗಾಬರಿಗೊಳಿಸುತ್ತದೆ. ಚಿಕಿತ್ಸೆ ಮುಗಿದ ದಿನವನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡು, ಅಲ್ಲಿಂದ 12 ವಾರ ಎಣಿಸಿ, ಹಳೆಯ ಸ್ಕ್ಯಾನಿನ ಸಿಡಿಯನ್ನೂ ಜೊತೆಗೆ ತನ್ನಿ.